ಬಿಲ್ಲೆಯ ಖಾಲಿ ಬದಿ

"ಇಲ್ಲದ ಸದ್ದಿಗೆ ಯಾಕೆ ಗುಂಡಿ ಒತ್ತಿದ್ರಿ?"

ಗಾಜಿನ ಈಚೆಯಿಂದ ಅವಳು ಮೈಕಿನಲ್ಲಿ ಕೇಳಿದಳು. ಕೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. ಕಿವಿ ಪರೀಕ್ಷೆಯ ಈ ನೌಕರಿಗೆ ಸೇರಿ ನಾಲ್ಕು ವರ್ಷ. ಬಂದವರ ಜೊತೆ ಅವಳು ಆಡುತ್ತಿದ್ದುದು ಮೂರೇ ಮಾತು. ಹೆಡ್‌ಫೋನ್ ಹಾಕ್ಕೊಳ್ಳಿ. ಸದ್ದು ಕೇಳಿಸಿದಾಗ ಗುಂಡಿ ಒತ್ತಿ. ಆಯ್ತು, ಹೊರಗೆ ಬನ್ನಿ.

ಇದು ನಾಲ್ಕನೆಯದು!

ಗಾಜಿನ ಆಚೆ, ಗೋಡೆಗೆಲ್ಲ ಸ್ಪಂಜು ಮೆತ್ತಿದ ಪುಟ್ಟ ಕೋಣೆಯಲ್ಲಿ ಕುಳಿತಿದ್ದವನು ತಲೆಯೆತ್ತಿದ. ಬಾಗಿಲು, ಕಿಟಕಿ ಮಾಡುವ ಕಾರ್ಖಾನೆಯ ಬಡಗಿ. ಹುಬ್ಬಿನ ಮೇಲೆ ಇನ್ನೂ ಮರದ ಹುಡಿ ಕೂತಿತ್ತು. ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ಗುಂಡಿಯನ್ನು ನೋಡಿ, ಅವಳನ್ನು ನೋಡಿದ.

"ತುಂಬಾ ಹೊತ್ತಿಂದ ಏನೂ ಕೇಳಿಸ್ತಿರಲಿಲ್ಲ. ನೀವು ನನ್ನೇ ನೋಡ್ತಾ ಕೂತಿದ್ರಿ. ಪಾಪ, ಅಷ್ಟು ಕಷ್ಟಪಟ್ಟು ಸದ್ದು ಕಳಿಸ್ತಿದ್ದಾರೆ, ಬೇಜಾರು ಮಾಡ್ಕೋಬಾರ್ದು ಅಂತ... ಒತ್ತಿಬಿಟ್ಟೆ."

ಅವಳಿಗೆ ನಗು ತಡೆಯಲಾಗಲಿಲ್ಲ. ಮೈಕ್ ಆರಿಸುವುದು ಮರೆತಿದ್ದಳು. ಆ ನಗು ನೇರವಾಗಿ ಅವನ ಕಿವಿಗೆ ಹೋಯಿತು.

"ಇದು ಕೇಳಿಸ್ತು," ಅಂದ ಅವನು. ಮತ್ತೆ ಗುಂಡಿ ಒತ್ತಿದ. ಅವಳ ಮುಂದಿದ್ದ ಪುಟ್ಟ ದೀಪ ಮಿನುಗಿ ಆರಿತು.

ಎಷ್ಟೋ ಸಾವಿರ ಸಲ ನೋಡಿದ್ದ ದೀಪ ಅದು. ಅವತ್ತು ಮಾತ್ರ ಎದೆಯೊಳಗೆ ಎಲ್ಲೋ ಹತ್ತಿಕೊಂಡಂತಾಯಿತು...

ವರದಿ ಕೊಡುವಾಗ ತಗ್ಗಿದ ದನಿಯಲ್ಲಿ ಹೇಳಿದಳು. "ಎಡಗಿವಿ ಸ್ವಲ್ಪ ಮಂದ ಆಗಿದೆ. ಗರಗಸದ ಮುಂದೆ ನಿಲ್ಲೋವಾಗ ಕಿವಿಗೆ ಮುಚ್ಚಳ ಹಾಕ್ಕೊಳ್ಳಿ. ಮೂರು ತಿಂಗಳು ಬಿಟ್ಟು ಮತ್ತೆ ಬನ್ನಿ."

"ಮೂರು ತಿಂಗಳಾ?" ಅಂದ ಅವನು. ಅಷ್ಟು ಬೇಗವೇ ಎಂಬ ಅರ್ಥದಲ್ಲೋ, ಅಷ್ಟು ತಡವೇ ಎಂಬ ಅರ್ಥದಲ್ಲೋ ಅವಳಿಗೆ ತಿಳಿಯಲಿಲ್ಲ.

ಮನೆಯಲ್ಲಿ ಅಮ್ಮ, ಅಜ್ಜಿ, ಅಕ್ಕ, ಮೂವರೂ ಮಾತಿನಲ್ಲಿ ಎತ್ತಿದ ಕೈ. ನೆಂಟರು ಬಂದು "ಹೇಗಿದೀಯಮ್ಮಾ?" ಎಂದು ಅವಳನ್ನು ಕೇಳಿದರೆ ಅಕ್ಕ ಉತ್ತರ ಕೊಡುತ್ತಿದ್ದಳು, ಅಮ್ಮ ತಿದ್ದುತ್ತಿದ್ದಳು, ಅಜ್ಜಿ ಅದಕ್ಕೆ ಬಾಲ ಸೇರಿಸುತ್ತಿದ್ದಳು. ಅವಳ ಪಾಲಿಗೆ ಉಳಿದದ್ದು ಕೇಳಿಸಿಕೊಳ್ಳುವ ಕೆಲಸ. ಮನೆಯಲ್ಲಿ ಅವಳಿಗೆ ಮೌನಿ ಎಂದೇ ಹೆಸರು. ಅದನ್ನು ಯಾರೂ ಬೇಸರದಿಂದ ಇಟ್ಟದ್ದಲ್ಲ. ಆದರೆ ಅಂಥ ಹೆಸರನ್ನು ದಿನಾ ಕರೆಸಿಕೊಂಡರೆ ಅದು ನಿಜವಾಗಿಬಿಡುತ್ತದೆ.

ಅವಳಿಗೆ ಮಾತು ಬಾರದೇ ಇರಲಿಲ್ಲ. ಒಳಗೆ ಬೇಕಾದಷ್ಟಿತ್ತು. ಹೊರಗೆ ಬರುವ ದಾರಿ ಗೊತ್ತಿರಲಿಲ್ಲ, ಅಷ್ಟೇ.

ದಾರಿ ತೋರಿಸಿದವಳು ಆಸ್ಪತ್ರೆಯ ಕೌಂಟರಿನಲ್ಲಿ ಕೂರುವ ಗೆಳತಿ. ಎಲ್ಲರೂ ಅವಳನ್ನು ಗಿಳಿ ಅನ್ನುತ್ತಿದ್ದರು.

"ಭಾನುವಾರ ಮಧ್ಯಾಹ್ನ ನಾವೊಂದು ಆಟ ಆಡ್ತೀವಿ ಕಣೇ. ಒಬ್ರು ಕಡಿಮೆ ಬಿದ್ದಿದಾರೆ. ಬಾ."

"ನಂಗೆ ಆಟ ಬರಲ್ಲ."

"ಸುಳ್ಳು ಹೇಳೋಕೆ ಬರುತ್ತಾ?"

"ಅಭ್ಯಾಸ ಇಲ್ಲ..."

"ಸಾಕು ಬಿಡು, ಅಲ್ಲೇ ಕಲೀತೀಯ!"

ಸೈಕಲ್ ಅಂಗಡಿಯ ಮೇಲಿನ ಕೋಣೆ. ಕೆಳಗಿನಿಂದ ರಬ್ಬರಿನ ವಾಸನೆ. ಅಗಲವಾದ ಮೇಜಿನ ಮೇಲೆ ಕೈಯಿಂದ ಬರೆದ ನಕ್ಷೆ. ಕೋಟೆ, ಕಾಡು, ಹೆಸರಿಡದ ಒಂದು ನದಿ. ಮೇಜಿನ ತಲೆಯಲ್ಲಿ ಇತಿಹಾಸದ ನಿವೃತ್ತ ಮೇಷ್ಟ್ರು. ಅವರು ಕಥೆ ಹೇಳುತ್ತಾರೆ. ಆ ಕಥೆಯೊಳಗೆ ಒಬ್ಬೊಬ್ಬರಿಗೂ ಒಂದೊಂದು ಪಾತ್ರ. "ಈಗ ನೀನೇನು ಮಾಡ್ತೀಯ?" ಎಂದು ಮೇಷ್ಟ್ರು ಕೇಳುತ್ತಾರೆ, ನೀವು ಹೇಳಬೇಕು. ಹೇಳಿದ್ದು ಗೆಲ್ಲುತ್ತದೋ ಸೋಲುತ್ತದೋ ಎಂಬುದು ಇಪ್ಪತ್ತು ಮುಖದ ದಾಳಕ್ಕೆ ಬಿಟ್ಟದ್ದು.

ಗಿಳಿ ಅಲ್ಲಿ ಮಾಟಗಾತಿ. ಬಿಸ್ಕತ್ತಿನ ತಟ್ಟೆ ಹಿಡಿದು ಬರುವ ಸಣಕಲು ಬೇಕರಿಯವ ಅಲ್ಲಿ ದೈತ್ಯ. ಮತ್ತೆ ಕೋಟೆಯ ಹೆಬ್ಬಾಗಿಲ ಕಾವಲುಗಾರನ ಕುರ್ಚಿಯಲ್ಲಿ...

ಹುಬ್ಬಿನ ಮೇಲೆ ಮರದ ಹುಡಿ!

"ಮೂರು ತಿಂಗಳು ಅಂದಿದ್ರಿ," ಅಂದ ಬಡಗಿ. "ಆರೇ ದಿನಕ್ಕೆ ಸಿಕ್ಕಿದ್ರಿ."

ಮೇಷ್ಟ್ರು ಅವಳಿಗೊಂದು ಹಾಳೆ ಕೊಟ್ಟರು. ಇಪ್ಪತ್ತು ಅಂಕ. ಕತ್ತಿ, ಮೈಬಲ, ಮಾಟ, ಮಾತು, ಈ ನಾಲ್ಕಕ್ಕೆ ಹೇಗೆ ಬೇಕಾದರೂ ಹಂಚಿಕೊಳ್ಳಬಹುದು. ಅವಳು ಬಹಳ ಹೊತ್ತು ಪೆನ್ನು ಕಚ್ಚಿದಳು. ಕೊನೆಗೆ ಇಪ್ಪತ್ತನ್ನೂ 'ಮಾತು' ಎಂಬುದರ ಮುಂದೆ ಬರೆದಳು.

"ಕತ್ತಿಗೆ ಒಂದೂ ಇಲ್ವಾ ಮಗಳೇ? ಇಲಿ ಕಚ್ಚಿದ್ರೂ ಸಾಯ್ತೀಯಲ್ಲ!"

"ಇಲಿ ಜೊತೆ ಮಾತಾಡ್ತೀನಿ ಮೇಷ್ಟ್ರೇ."

ಮೇಜು ಗೊಳ್ಳೆಂದಿತು. ಹೀಗೆ ಹುಟ್ಟಿದವಳು ತುತ್ತೂರಿ. ಬೀದಿ ಬೀದಿ ತಿರುಗಿ ರಿಬ್ಬನ್ ಮಾರುವವಳು. ಒಂದು ಮೊಳ ರಿಬ್ಬನ್ನಿಗೆ ಎರಡು ಮೊಳ ಸುದ್ದಿ ಉಚಿತ!

ಆ ಮೇಜಿಗೊಂದು ಕಟ್ಟಳೆ ಇತ್ತು. ಹಿಂದೊಮ್ಮೆ ದೈತ್ಯ ಮಾಟಗಾತಿಯನ್ನು "ಮೊದ್ದು" ಎಂದು ಬೈದದ್ದನ್ನು ಗಿಳಿ ತನಗೇ ಅಂದನೆಂದು ತಿಳಿದು, ಎರಡು ತಿಂಗಳು ಬೇಕರಿಯವನ ಮುಖ ನೋಡಿರಲಿಲ್ಲವಂತೆ. ಅದಾದ ಮೇಲೆ ಬಡಗಿ ಎಲ್ಲರಿಗೂ ಒಂದೊಂದು ಮರದ ಬಿಲ್ಲೆ ಮಾಡಿಕೊಟ್ಟ. ಒಂದು ಬದಿಯಲ್ಲಿ ಪಾತ್ರದ ಗುರುತು, ಇನ್ನೊಂದು ಬದಿ ಖಾಲಿ. ಗುರುತು ಮೇಲಿದ್ದರೆ ಪಾತ್ರದ ಮಾತು. ಖಾಲಿ ಬದಿ ಮೇಲಿದ್ದರೆ ಸ್ವಂತ ಮಾತು, ಅದಕ್ಕೆ ಯಾರೂ ನಗುವಂತಿಲ್ಲ.

ಮುಂದಿನ ಭಾನುವಾರ ಅವಳ ಬಿಲ್ಲೆ ಬಂತು. ಪುಟ್ಟ ತುತ್ತೂರಿ ಕೆತ್ತಿದ್ದ. ಅಂಚನ್ನು ಎಷ್ಟು ಉಜ್ಜಿದ್ದನೆಂದರೆ ಬೆರಳಿಗೆ ಮರ ತಾಕಿದಂತೆಯೇ ಇರಲಿಲ್ಲ.

ಗುರುತು ಮೇಲಿಟ್ಟ ಕೂಡಲೇ ಅವಳು ಬೇರೆಯೇ ಆಗುತ್ತಿದ್ದಳು.

ದಳಪತಿಯೊಬ್ಬ ಕೋಟೆಗೆ ಮುತ್ತಿಗೆ ಹಾಕಿದಾಗ ದೈತ್ಯ ತೋಳು ಮಡಚಿದ, ಮಾಟಗಾತಿ ಮಂತ್ರ ಹುಡುಕಿದಳು. ತುತ್ತೂರಿ ಬುಟ್ಟಿ ಹೊತ್ತು ಶತ್ರುಗಳ ಬಿಡಾರದ ಅಡುಗೆಯವಳ ಹತ್ತಿರವೇ ನಡೆದಳು.

"ಅಕ್ಕಾ, ನನ್ನ ಬಾಯಿಂದ ಬಂತು ಅನ್ಬೇಡಿ. ನಿಮ್ಮ ದಳಪತಿಗೆ ಕುದುರೆ ಕಂಡ್ರೆ ಭಯ ಅಂತಲ್ಲ, ಹೌದಾ? ಏರೋ ಮುಂಚೆ ಕಣ್ಣು ಮುಚ್ಕೊಂಡು ಅಮ್ಮನ್ನ ನೆನೀತಾರಂತೆ! ಛೆ ಛೆ, ನಾನಂತೂ ನಂಬ್ಲಿಲ್ಲ. ನೀವು ಬೇಕಾದ್ರೆ ಒಂದ್ಸಲ ನೋಡಿ..."

ದಾಳ ಉರುಳಿತು. ಹತ್ತೊಂಬತ್ತು!

ಮರುದಿನದಿಂದ ದಳಪತಿ ಕುದುರೆಯ ಹತ್ತಿರ ಹೋದಾಗಲೆಲ್ಲ ಇಡೀ ಸೈನ್ಯ ಅವನ ಕಣ್ಣನ್ನೇ ನೋಡುತ್ತಿತ್ತಂತೆ. ಅಷ್ಟು ಜನ ನೋಡಿದರೆ ಯಾರ ರೆಪ್ಪೆ ಬಡಿಯುವುದಿಲ್ಲ? ಮೂರನೆಯ ದಿನ ಸೈನಿಕರು ಕಿಸಕ್ಕೆಂದರು. ಐದನೆಯ ದಿನ ಅರ್ಧ ಬಿಡಾರ ಖಾಲಿ. ಒಂದು ಕತ್ತಿಯೂ ಒರೆಯಿಂದ ಹೊರಬರಲಿಲ್ಲ.

ಬಡಗಿ ಅವಳನ್ನೇ ನೋಡುತ್ತಿದ್ದ. ನಗುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದ.

ಆಟ ಮುಗಿದ ಮೇಲೆ ಇಬ್ಬರೂ ಬಸ್ ಸ್ಟಾಪಿನವರೆಗೆ ಒಟ್ಟಿಗೆ ನಡೆಯುವುದು ರೂಢಿಯಾಯಿತು. ಅವಳು ತನ್ನ ಬಲಕ್ಕೆ ಬರುವಂತೆ ಅವನು ಯಾವಾಗಲೂ ಜಾಗ ಬದಲಿಸಿಕೊಳ್ಳುತ್ತಿದ್ದ. ಅದು ಅವನ ಒಳ್ಳೆಯ ಕಿವಿ. ಆದರೆ ಆ ಕಿವಿಗೆ ಅವಳು ಕೊಟ್ಟಿದ್ದಾದರೂ ಏನು? "ಹೂಂ." "ಹೌದು." "ಬಸ್ ಬಂತು."

ಒಂದು ದಿನ ಅವನು ಮೆಲ್ಲಗೆ ಕೇಳಿದ. "ಮೇಜಿನ ಹತ್ರ ಇದ್ದೋಳು ಎಲ್ಲಿ ಹೋದ್ಲು?"

ತಮಾಷೆಗೆ ಅಂದದ್ದು. ಅವಳಿಗೆ ಅದು ಮುಳ್ಳಿನಂತೆ ಚುಚ್ಚಿತು. 'ಇವರು ಬರೋದು ತುತ್ತೂರಿಗೋಸ್ಕರ. ನಾನು ಬರೀ ಅವಳನ್ನ ಹೊತ್ಕೊಂಡು ಬರೋಳು...'

ಬಸ್ಸಿನ ಕಿಟಕಿಯಿಂದ ನೋಡಿದಳು. ಬಸ್ಸು ತಿರುವು ದಾಟುವವರೆಗೂ ಅವನು ಅಲ್ಲೇ ನಿಂತಿದ್ದ. ಅದಕ್ಕೆ ಬೇರೆ ಅರ್ಥವಿರಬಹುದೆಂದು ಯೋಚಿಸುವ ಧೈರ್ಯ ಅವಳಿಗಿರಲಿಲ್ಲ.

ಹನ್ನೊಂದನೆಯ ಭಾನುವಾರ ಮುತ್ತಿಗೆ ಮುಗಿಯಿತು. ದಳಪತಿ ಕುದುರೆ ಬಿಟ್ಟು ನಡೆದೇ ಹೋದ. ಬೇಕರಿಯವನು ತಂದ ಕೇಕು ಕತ್ತರಿಸಿದ್ದಾಯಿತು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು.

"ಒಂದು ಮಾತು," ಅಂದ ಬಡಗಿ.

ಅಂಗೈಯನ್ನು ಮೇಜಿನ ಮೇಲೆ ಅಗಲವಾಗಿ ಊರಿದ್ದ.

"ನಾನು ಜೀವನ ಪೂರ್ತಿ ಬಾಗಿಲ ಹತ್ರಾನೇ ನಿಂತೋನು. ಒಳಗೆ ಹೋಗಿ ಕೂರೋಕೆ ಯಾವತ್ತೂ ಅನ್ನಿಸಿರ್ಲಿಲ್ಲ. ನೀನು ಬಂದ್ಮೇಲೆ ಅನ್ನಿಸ್ತಿದೆ. ಈ ಗಲಾಟೆ ಎಲ್ಲಾ ಮುಗಿದ್ಮೇಲೂ... ನನ್ನ ಜೊತೆ ಇರ್ತೀಯಾ?"



'ಕಾವಲುಗಾರ ತುತ್ತೂರಿಗೆ ಹೇಳ್ತಿರೋದು...' ಅಂದುಕೊಂಡಳು. ಅವಳ ಮುಂದೆ ತುತ್ತೂರಿಯ ಗುರುತು ಮೇಲಿತ್ತು. ಎಲ್ಲರ ಕಣ್ಣೂ ಅವಳ ಮೇಲಿತ್ತು. ತುತ್ತೂರಿ ಬಾಯಿ ಬಿಟ್ಟಳು.

"ಕೇಳಿದ್ರಾ ಊರೋರೇ! ಕಾವಲುಗಾರನ ಪ್ರೀತಿನೂ ಹೆಬ್ಬಾಗಿಲ ಥರಾನೇ, ಯಾರು ತಳ್ಳಿದ್ರೂ ತೆರೆಯುತ್ತೆ! ಹೋದ ವಾರ ಹಾಲಿನೋಳಿಗೆ ಇದೇ ಮಾತು, ಮೊನ್ನೆ ದಳಪತಿ ಅತ್ತೆಗೂ ಇದೇ ಮಾತು. ಪಾಪ, ಆಯಮ್ಮನಿಗೆ ಹಲ್ಲಿಲ್ಲ, ಇಲ್ಲ ಅನ್ನೋಕೂ ಆಗ್ಲಿಲ್ಲವಂತೆ!"

ಬೇಕರಿಯವನು ಕೇಕು ನೆತ್ತಿಗೇರಿ ಕೆಮ್ಮಿದ. ಗಿಳಿ ಮೇಜು ಬಡಿದಳು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಬಡಗಿಯೂ ನಕ್ಕ. ತುಟಿ ಮಾತ್ರ.

"ಕಾರ್ಖಾನೇಲಿ ಸ್ವಲ್ಪ ಕೆಲಸ ಇದೆ," ಎಂದು ಎದ್ದ. ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳಿಸಿತು, ಆಮೇಲೆ ಕೇಳಿಸಲಿಲ್ಲ.

ಅವಳು ಬಿಲ್ಲೆಗಳನ್ನು ಡಬ್ಬಿಗೆ ತುಂಬುತ್ತ ಅವನ ಜಾಗಕ್ಕೆ ಬಂದಳು. ಅವನ ಅಂಗೈ ಇದ್ದ ಜಾಗದಲ್ಲಿ ಬಿಲ್ಲೆ ಬಿದ್ದಿತ್ತು.

ಖಾಲಿ ಬದಿ ಮೇಲಿತ್ತು.

ಕೈ ಅಲ್ಲೇ ನಿಂತುಬಿಟ್ಟಿತು. 'ಅಯ್ಯೋ... ಅದು ಕಾವಲುಗಾರನ ಮಾತಲ್ಲ! ಅವರದ್ದು! ಅವರ ಸ್ವಂತ ಮಾತು!'

ಬಿಲ್ಲೆಯಲ್ಲಿ ಇನ್ನೂ ಅವನ ಅಂಗೈಯ ಬಿಸುಪಿತ್ತು. ಅದನ್ನು ಮುಷ್ಟಿಯಲ್ಲಿ ಹಿಡಿದು ಮೆಟ್ಟಿಲಿಳಿದು ಓಡಿದಳು. ಬಸ್ ಸ್ಟಾಪಿನಲ್ಲಿ ಯಾರೂ ಇರಲಿಲ್ಲ.

ಫೋನಿನಲ್ಲಿ ಸಂದೇಶ ಬರೆದಳು, ಅಳಿಸಿದಳು. ಮತ್ತೆ ಬರೆದಳು, ಮತ್ತೆ ಅಳಿಸಿದಳು. ತುತ್ತೂರಿಯಾಗಿದ್ದರೆ ಹತ್ತು ಬಗೆಯಲ್ಲಿ ಹೇಳುತ್ತಿದ್ದಳು. ಇವಳಿಗೆ 'ನಾನು' ಎಂಬ ಪದದಾಚೆ ಕೈ ಓಡಲಿಲ್ಲ.

ಮರುದಿನ ತನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಬಳಸಿದಳು.

"ಗಿಳಿ, ನಿನ್ನೆ ಆಡಿದ್ದಕ್ಕೆ ನಂಗೆ ತುಂಬಾ ಬೇಜಾರಾಗಿದೆ. ನಾನು ಹೇಳಿದೆ ಅನ್ಬೇಡ. ಹೇಗಾದ್ರೂ ಅವರ ಕಿವಿಗೆ ಬೀಳೋ ಹಾಗೆ ಮಾಡು."

"ಅಷ್ಟೇ ತಾನೆ? ನನಗೆ ಬಿಡು!"

ಗಿಳಿ ಬೇಕರಿಯವನಿಗೆ ಹೇಳಿದಳು. ಅವನು ಬ್ರೆಡ್ಡಿಗೆ ಬಂದ ಮೇಷ್ಟ್ರಿಗೆ ಹೇಳಿದ. ಮೇಷ್ಟ್ರು ಬಡಗಿಗೆ ಫೋನು ಮಾಡಿದರು. ಆದರೆ ಆಡಿದ್ದು ಯಾರು, ಬೇಜಾರು ಯಾಕೆ ಎಂಬುದು ದಾರಿಯಲ್ಲೆಲ್ಲೋ ಉದುರಿಹೋಗಿತ್ತು. ಬಡಗಿಯ ಕಿವಿಗೆ ಬಿದ್ದದ್ದು ಇಷ್ಟು: "ಆ ಹುಡುಗಿಗೆ ಮೊನ್ನೆಯ ಮಾತಿಂದ ತುಂಬಾ ಬೇಜಾರಾಗಿದೆಯಂತೆ."

ಮೊನ್ನೆಯ ಮಾತು ಎಂದರೆ ಅವನಿಗೆ ಒಂದೇ. ತಾನು ಆಡಿದ್ದು.

ಭಾನುವಾರ ಅವನ ಕುರ್ಚಿ ಖಾಲಿ ಇತ್ತು. ಮೇಷ್ಟ್ರು ಒಂದು ಚೀಟಿ ಮುಂದಿಟ್ಟರು. 'ನನ್ನಿಂದ ಅವರಿಗೆ ಮುಜುಗರ ಆಗೋದು ಬೇಡ. ಮೇಜು ಅವರಿಗಿರಲಿ. ಹೆಬ್ಬಾಗಿಲಿಗೆ ಬೇರೆ ಕಾವಲುಗಾರನ್ನ ನೋಡ್ಕೊಳ್ಳಿ.'

ಅವಳ ಕಣ್ಣು ತುಂಬಿತು. ಕಿಸೆಯಿಂದ ಬಡಗಿಯ ಬಿಲ್ಲೆ ತೆಗೆದು, ಅದು ಬಿದ್ದಿದ್ದ ಹಾಗೆಯೇ ಖಾಲಿ ಬದಿ ಮೇಲೆ ಮಾಡಿ ಇಟ್ಟಳು. ಮೇಷ್ಟ್ರು ನೋಡಿದರು. ಅವರಿಗೆ ಎಲ್ಲ ಅರ್ಥವಾಗಲು ಒಂದು ನಿಮಿಷ ಹಿಡಿಯಿತು.

"ಅಯ್ಯೋ ರಾಮ... ನಾವೆಲ್ಲ ನಕ್ಕುಬಿಟ್ವಲ್ಲೇ!"

"ಮೇಷ್ಟ್ರೇ, ನೀವೇ ಒಂದು ಮಾತು ಅವರಿಗೆ..."

"ಇಲ್ಲ ಮಗಳೇ." ಮೇಷ್ಟ್ರ ದನಿ ಗಟ್ಟಿಯಾಗಿತ್ತು. "ಮೂರು ಬಾಯಿ ದಾಟಿ ಹೋದ ಮಾತು ಏನಾಯ್ತು ನೋಡಿದ್ಯಲ್ಲ. ಇದಕ್ಕೆ ದಾಳ ಹಾಕಕ್ಕಾಗಲ್ಲ. ನೀನೇ ಹೋಗಿ ಹೇಳ್ಬೇಕು."

ಗುರುವಾರ ಅವನ ಮರುಪರೀಕ್ಷೆ ಇತ್ತು. ಕಾರ್ಖಾನೆಗೆ ಪ್ರಮಾಣಪತ್ರ ಕೊಡದಿದ್ದರೆ ಅವನನ್ನು ಗರಗಸದ ಮುಂದೆ ನಿಲ್ಲಿಸುವಂತಿರಲಿಲ್ಲ. ಹಾಗಾಗಿ ಅವನು ಬಂದ. ಹುಬ್ಬಿನ ಮೇಲೆ ಹುಡಿ ಇರಲಿಲ್ಲ. ಕಣ್ಣು ನೆಲದ ಮೇಲಿತ್ತು.

"ಹೆಡ್‌ಫೋನ್ ಹಾಕ್ಕೊಳ್ಳಿ," ಅಂದಳು. "ಸದ್ದು ಕೇಳಿಸಿದಾಗ ಗುಂಡಿ ಒತ್ತಿ."

ಬಾಗಿಲು ಮುಚ್ಚಿದಳು. ಬಲಗಿವಿಗೆ ಸದ್ದು ಕಳಿಸಿದಳು. ದೀಪ ಮಿನುಗಿತು. ಇನ್ನೂ ಮೆಲ್ಲಗೆ. ಮಿನುಗಿತು. ಗಾಜಿನ ಆಚೆ ಅವನು ಗೋಡೆಯನ್ನೇ ನೋಡುತ್ತಿದ್ದ. ಬಲಗಿವಿ ಮುಗಿಯಿತು.

ಇನ್ನು ಎಡಗಿವಿ ಮುಗಿದರೆ ಮೂರನೆಯ ಮಾತು ಹೇಳಬೇಕು. ಆಯ್ತು, ಹೊರಗೆ ಬನ್ನಿ. ಅವನು ಹೋಗುತ್ತಾನೆ. ಮತ್ತೆ ಬರುವುದಿಲ್ಲ.

ಮೈಕ್ ಒತ್ತಿದಳು. ಇಲ್ಲಿಂದಲೇ ಹೇಳಿಬಿಡಬಹುದು, ಗಾಜಿನ ಈಚೆಯಿಂದ, ಯಂತ್ರದ ಮೂಲಕ...

'ಇದೂ ಒಂದು ತುತ್ತೂರಿಯೇ ಅಲ್ವಾ?'

ಮೈಕ್ ಬಿಟ್ಟಳು. ಎದ್ದಳು. ಭಾರದ ಬಾಗಿಲನ್ನು ಎಳೆದು ಕೋಣೆಯೊಳಗೆ ಹೋದಳು. ಬಾಗಿಲು ಹಿಂದೆ ತಾನೇ ಮುಚ್ಚಿಕೊಂಡಿತು. ಆ ಕೋಣೆಯಲ್ಲಿ ಹೊರಗಿನ ಯಾವ ಸದ್ದೂ ಇಲ್ಲ. ಇಬ್ಬರ ಉಸಿರು ಮಾತ್ರ.

ಅವನು ಹೆಡ್‌ಫೋನ್ ತೆಗೆದ. "ಏನಾದ್ರೂ ತಪ್ಪಾಯ್ತಾ?"

ಅವಳು ಕಿಸೆಯಿಂದ ಎರಡು ಬಿಲ್ಲೆ ತೆಗೆದಳು. ಅವನದನ್ನು ಅವನ ಮೊಣಕಾಲ ಮೇಲಿಟ್ಟಳು. ತನ್ನದನ್ನು ಅಂಗೈಯಲ್ಲಿಟ್ಟು ತುತ್ತೂರಿಯ ಗುರುತು ಕೆಳಗೆ ಮಾಡಿದಳು. ಬಿಲ್ಲೆ ಜಾರಿ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಂಡು ಮತ್ತೆ ಖಾಲಿ ಬದಿ ಮೇಲೆ ಮಾಡಿದಳು.

"ಅವತ್ತು... ನಿಮ್ಮ ಕೈ ಅಡ್ಡ ಇತ್ತು. ನಂಗೆ ಕಾಣಿಸ್ಲಿಲ್ಲ. ಕಾವಲುಗಾರ ಅನ್ಕೊಂಡೆ. ಆಮೇಲೆ ನೋಡ್ದೆ. ಓಡಿ ಬಂದೆ, ನೀವಿರ್ಲಿಲ್ಲ."

ಅವನು ಹೆಡ್‌ಫೋನನ್ನು ಪಕ್ಕಕ್ಕಿಟ್ಟ.

"ಬೇಜಾರಾಗಿದ್ದು ನಿಮ್ಮ ಮಾತಿಗಲ್ಲ. ನನ್ನ ಮಾತಿಗೆ. ಅದನ್ನೂ ಬೇರೆಯೋರ ಕೈಲಿ ಹೇಳಿಸಿದೆ. ಅದು ಹಾಗಾಯ್ತು." ಉಸಿರು ತೆಗೆದುಕೊಂಡಳು. "ನಾನು ತುತ್ತೂರಿ ಅಲ್ಲ. ನಂಗೆ ಅವಳ ಹಾಗೆ ಬರಲ್ಲ. ಇದಿಷ್ಟು ಹೇಳೋಕೆ ನಾಲ್ಕು ದಿನ ಕನ್ನಡಿ ಮುಂದೆ ನಿಂತಿದೀನಿ. ಅಕ್ಕ ನಂಗೆ ಹುಷಾರಿಲ್ಲ ಅನ್ಕೊಂಡಿದಾಳೆ. ನೀವು ಕೇಳಿದ್ದು ಅವಳನ್ನಾದ್ರೆ... ಅವಳು ಇರೋದು ಮೇಜಿನ ಹತ್ರ ಮಾತ್ರ."

ಅಷ್ಟೂ ಮಾತು ಖರ್ಚಾಗಿತ್ತು. ಅವಳು ಅಂಗೈ ನೋಡುತ್ತ ನಿಂತಳು.

ಅವನು ತನ್ನ ಬಿಲ್ಲೆಯನ್ನು ಎತ್ತಿ ಖಾಲಿ ಬದಿ ಮೇಲೆ ಮಾಡಿ, ಅವಳ ಬಿಲ್ಲೆಯ ಪಕ್ಕ ಅವಳ ಅಂಗೈಯಲ್ಲೇ ಇಟ್ಟ. ಈ ಸಲ ಕೈ ಅಡ್ಡ ಇಡಲಿಲ್ಲ.

"ತುತ್ತೂರಿ ಮಾತು ಕೇಳಿದ್ರೆ ನಗು ಬರುತ್ತೆ. ಆದ್ರೆ ನಾನು ವಾರ ಪೂರ್ತಿ ಕಾಯ್ತಿದ್ದಿದ್ದು ಬಸ್ ಸ್ಟಾಪಿಗೆ. ಅಲ್ಲಿ 'ಹೂಂ' ಅಂತಿದ್ದೋಳಿಗೆ."

"ಒಂದೇ ಒಂದು 'ಹೂಂ'ಗಾ?"

"ಹನ್ನೊಂದು ಥರದ 'ಹೂಂ' ಇದೆ ನಿನ್ನ ಹತ್ರ. ಎಲ್ಲಾ ಗೊತ್ತು ನಂಗೆ."

ಅವಳಿಗೆ ಅಳುವೋ ನಗುವೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದವು.

"ಮೊನ್ನೆ ಕೇಳಿದ್ದನ್ನೇ ಮತ್ತೆ ಕೇಳ್ಲಾ?" ಅಂದ.

"ಹೂಂ."

"ಇದು ಹನ್ನೆರಡನೇದು," ಅಂದ ಅವನು. ಮತ್ತೆ ಕೇಳಬೇಕಾಗಲಿಲ್ಲ.

ಹೊರಗಿನಿಂದ ಬಾಗಿಲು ಬಡಿದರು. ಸಂದಿನಲ್ಲಿ ಗಿಳಿಯ ಮುಖ. "ಏನೇ ಇದು, ಎರಡು ಕಿವಿಗೆ ಮುಕ್ಕಾಲು ಗಂಟೆನಾ? ಹೊರಗೆ ಅಜ್ಜ ಒಬ್ರು..." ಮಾತು ಅಲ್ಲೇ ನಿಂತಿತು. ಅವಳ ಕಣ್ಣು ಎರಡು ಬಿಲ್ಲೆಗಳ ಮೇಲೆ ಬಿದ್ದು ಅರಳಿತು.

"ಗಿಳಿ, ಯಾರಿಗೂ ಹೇಳ್ಬೇಡ."

"ಛೆ! ನಾನ್ಯಾಕೆ ಹೇಳ್ಲಿ?" ಗಿಳಿ ಆಗಲೇ ಫೋನು ಕೈಗೆತ್ತಿಕೊಂಡಿದ್ದಳು.

ಬಾಗಿಲು ಮುಚ್ಚಿತು. "ಎಡಗಿವಿ ಬಾಕಿ ಇದೆ," ಅಂದಳು ಅವಳು ಕಣ್ಣೊರೆಸಿಕೊಳ್ಳುತ್ತ. "ಹೆಡ್‌ಫೋನ್ ಹಾಕ್ಕೊಳ್ಳಿ."

"ಹಾಕ್ಕೊಳ್ಳಿ ಅಲ್ಲ, ಹಾಕ್ಕೋ."

"...ಹಾಕ್ಕೋ."

ಅವಳು ಗಾಜಿನ ಈಚೆ ಬಂದು ಕುಳಿತಳು. ಯಂತ್ರದ ಮೇಲೆ ಕೈಯಿಟ್ಟಳು. ಆದರೆ ಸದ್ದು ಕಳಿಸುವುದು ಮರೆತು ಅವನನ್ನೇ ನೋಡುತ್ತ ಕುಳಿತುಬಿಟ್ಟಳು.

ದೀಪ ಮಿನುಗಿತು.

ಅವಳು ಮೈಕ್ ಒತ್ತಿದಳು. "ಇನ್ನೂ ಏನೂ ಕಳಿಸೇ ಇಲ್ಲ!"

"ಗೊತ್ತು," ಅಂದ ಅವನು ಗಾಜಿನ ಆಚೆಯಿಂದ. "ನೀನು ನೋಡ್ತಿದ್ಯಲ್ಲ... ಅದು ಕೇಳಿಸ್ತು."